ಮಿಕ್ಕ ಮೂರು

ಡ್ರಮ್‌ಹೆಲ್ಲರಿನಲ್ಲಿ ಫೆಬ್ರುವರಿಯ ಏಳು ಗಂಟೆ
ಬೆಳಗೇ ಅಲ್ಲ. ಮೈನಸ್ ಇಪ್ಪತ್ತಾರು.
ಅಂಗಡಿಯ ಬೀಗಕ್ಕೆ ಬೆರಳು ಅಂಟುತ್ತದೆ.
ಬಾಗಿಲಲ್ಲಿ ಆಗಲೇ ಹನ್ನೊಂದು ಜನ,
ಒಬ್ಬೊಬ್ಬರ ಬಾಯಿಗೂ ಒಂದೊಂದು ಸ್ವಂತ ಮೋಡ.

ಬಂದದ್ದು ಹದಿನಾಲ್ಕೇ ಪೆಟ್ಟಿಗೆ.
ಒಂದೊಂದರಲ್ಲೂ ಒಂದು ಟ್ರೈಸೆರಾಟಾಪ್ಸ್,
ಬಿಡಿ ಬಿಡಿಯಾಗಿ, ಎರಡು ಸಾವಿರದ ಮುನ್ನೂರ ಹದಿನಾರು ಇಟ್ಟಿಗೆ.
ಮೂಲೆಯಲ್ಲಿ ಅಚ್ಚು: ಹದಿನೆಂಟು ದಾಟಿದವರಿಗೆ.
ಸತ್ತು ಆರೂವರೆ ಕೋಟಿ ವರ್ಷವಾದದ್ದರ ಮುಂದೆ
ಹದಿನೆಂಟೇನು ಮಹಾ!

ಮೊದಲು ನಿಂತವನು ವೆಂಡೆಲ್, ಎಣ್ಣೆ ಬಾವಿಯವನು,
ರಾತ್ರಿ ಪಾಳಿಯ ಬೂಟಿನಲ್ಲೇ ಬಂದಿದ್ದಾನೆ.
ಎರಡು ಕೊಡು, ಎಂದ.
ಒಂದು ಕಟ್ಟಲಿಕ್ಕೆ, ಒಂದು ಇಡಲಿಕ್ಕೆ?
ಎರಡೂ ಇಡಲಿಕ್ಕೆ.
ಅವನ ನೆಲಮಾಳಿಗೆ ನೋಡಿದ್ದೇನೆ. ಗೋಡೆಯುದ್ದ ಪೆಟ್ಟಿಗೆ,
ಒಂದರ ಸೀಲೂ ಒಡೆದಿಲ್ಲ, ಕಿಟಕಿಗೆ ಕಪ್ಪು ಬಟ್ಟೆ,
ತೇವ ಅಳೆಯುವ ಮುಳ್ಳೊಂದು ಸದಾ ಎಚ್ಚರ.
ಭಾನುವಾರ ಒಂದೊಂದನ್ನೇ ಎತ್ತಿ
ತೆಂಗಿನಕಾಯಿ ಕೊಳ್ಳುವವರಂತೆ
ಕಿವಿಯ ಹತ್ತಿರ ಅಲುಗಿಸಿ ಮತ್ತೆ ಇಡುತ್ತಾನೆ.

ನಾನು ತೋಡುವ ಎಣ್ಣೆಯಿಂದಲೇ ಈ ಪ್ಲಾಸ್ಟಿಕ್,
ಆ ಎಣ್ಣೆಯೋ ಡೈನೋಸಾರಿನದು,
ಅಂದರೆ ಇದು ಮನೆಗೆ ವಾಪಸು ಬಂದ ಹಾಗೆ, ಎಂದ.
ಅಲ್ಲ, ಪಾಚಿಯದು, ಎಂದಿತು ಹಿಂದಿನಿಂದ ಒಂದು ದನಿ.
ಒರೀಸಿಯಾ ಮೆಲ್ನಿಚುಕ್. ಮ್ಯೂಸಿಯಮ್ಮಿನ ಎಲುಬುಕೋಣೆಯಲ್ಲಿ
ಮೂವತ್ತೊಂದು ವರ್ಷ
ಹಲ್ಲು ಕೀಳುವವರ ಹತಾರ ಹಿಡಿದು
ಕಲ್ಲಿನಿಂದ ಮೃಗಗಳನ್ನು ಬಿಡಿಸಿದವಳು.
ಈಗ ಹೆಬ್ಬೆರಳ ಗಿಣ್ಣು ಊದಿದೆ.
ಥೋರಾ, ಸಂಜೆ ಬಾ, ಪೊಟ್ಟಣ ಹರಿದುಕೊಡು, ಎಂದಳು ನನಗೆ.

ಒಂಬತ್ತು ಸಂಜೆ ಹೋದೆ.
ಅಡುಗೆಮನೆಯ ಮೇಜು, ಬೀಟ್‌ರೂಟ್ ಸಾರಿನ ವಾಸನೆ.
ಅವಳು ಪುಸ್ತಕ ತೆರೆಯುವುದೇ ಇಲ್ಲ. ಪ್ರತಿ ತುಂಡಿಗೂ
ಮೊದಲು ಕುಂಚದಿಂದ ಒಂದು ಸವರು. ಅದರಲ್ಲಿ ಏನಿದೆ ಧೂಳು?
ಏನೂ ಇಲ್ಲ. ಕೈ ಕೇಳಬೇಕಲ್ಲ.
ನಾಲ್ಕನೆಯ ಸಂಜೆ ಜಗಳ ತೆಗೆದಳು:
ಕತ್ತಿನ ಮೊದಲ ಎಲುಬುಗಳು ಬೆಸೆದಿರಬೇಕು,
ಇದು ನೋಡು, ಗೂಬೆಯ ಹಾಗೆ ತಿರುಗುತ್ತದೆ!

ಅವಳು ಎತ್ತಿ ನಿಲ್ಲಿಸಿದ್ದ ಆ ನಿಜದ ಪ್ರಾಣಿಗೆ
ಎಡ ಮುಂಗಾಲಿರಲಿಲ್ಲ. ಮೂರು ಬೇಸಿಗೆ ಹುಡುಕಿದರಂತೆ,
ನದಿ ಯಾವಾಗಲೋ ಒಯ್ದಿತ್ತು.
ಪ್ಲಾಸ್ಟರಿನಲ್ಲಿ ಊಹಿಸಿ ಕೂರಿಸಿದಳು,
ಊಹೆಗೆ ಬೇರೆ ಬಣ್ಣ ಬಳಿದಳು,
ನೋಡುವವರಿಗೆ ಮೋಸವಾಗಬಾರದು.

ಒಂಬತ್ತನೆಯ ಸಂಜೆ ಕೊನೆಯ ಕೊಂಬು ಕೂತಿತು, ಟಕ್.
ಮೇಜಿನ ಮೇಲೆ ಮೂರು ತುಂಡು ಉಳಿದವು,
ಹುರುಳಿಕಾಳಿನಷ್ಟು.
ಅವಳ ಮುಖ ಬಿಳಿಚಿತು. ಎಲ್ಲಿ ತಪ್ಪಿದೆವು?
ಕೊನೆಗೂ ಪುಸ್ತಕ ತೆರೆದಳು, ಹಿಂದಿನಿಂದ ಮುಂದಕ್ಕೆ.
ತಪ್ಪಿಲ್ಲ, ಒರೀಸಿಯಾ. ಸಣ್ಣವು ಕಳೆದುಹೋಗುತ್ತವೆಂದು
ಎರಡು ಮೂರು ಹೆಚ್ಚಿಗೆ ಹಾಕಿರುತ್ತಾರೆ. ಎಲ್ಲ ಪೆಟ್ಟಿಗೆಯಲ್ಲೂ.

ಹೆಚ್ಚಿಗೆ?
ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದಳು
ಬಿಸಿ ಆಲೂಗಡ್ಡೆಯ ಹಾಗೆ.
ಮೂವತ್ತೊಂದು ವರ್ಷ ಕಡಿಮೆ ಬಿದ್ದದ್ದೇ ಬಿದ್ದದ್ದು,
ಮಿಕ್ಕದ್ದು ಇದೇ ಮೊದಲು.
ನಕ್ಕಳೋ ಏನೋ, ಬೆನ್ನು ತಿರುಗಿಸಿದ್ದಳು,
ಒಲೆಯ ಮೇಲಿನ ನೀರು ಇಳಿಸುತ್ತ.

ಆಮೇಲೆ ಬೆಂಕಿಪೆಟ್ಟಿಗೆ ಖಾಲಿ ಮಾಡಿ, ಹತ್ತಿ ಹಾಸಿ,
ಮೂರನ್ನೂ ಮಲಗಿಸಿ ಚೀಟಿ ಬರೆದಳು:
ಸ್ಥಳ, ಅಡುಗೆಮನೆ. ಪದರ, ಮೇಜುಬಟ್ಟೆಯ ಮೇಲೆ.
ಕಂಡವಳು, ಥೋರಾ, ಅಂಗಡಿಯವಳು.
ಯಾವ ಭಾಗ: ತಿಳಿಯದು.

ಮರುವಾರ ನನ್ನ ಬಿಡಿ ಇಟ್ಟಿಗೆಯ ಬಕೆಟ್ಟಿಗೆ ಕೈಹಾಕಿ
ಬೂದು ಬಣ್ಣದವನ್ನೇ ಆರಿಸಿಕೊಂಡು ಹೋದಳು.
ಈಗ ಫ್ರಿಜ್ಜಿನ ಮೇಲೆ ನಿಂತಿದೆ ಅದು,
ಮೈಯೆಲ್ಲ ಹಸಿರು, ಎಡ ಮುಂಗಾಲು ಬೂದಿ.

ವೆಂಡೆಲ್‌ಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ.
ನನ್ನದರಲ್ಲೂ ಇರುತ್ತವಾ, ಆ ಮೂರು?
ಇರುತ್ತವೆ.
ಮನೆಗೆ ಹೋಗಿ ಅಲುಗಿಸಿ ನೋಡಿದನಂತೆ,
ಕೇಳಿಸಿತಂತೆ.